ಓಟ ಎತ್ತರವಾಗುವ ಬಗೆ

2025ರ ಸೆಪ್ಟೆಂಬರ್ 15ರ ರಾತ್ರಿ. ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಪುರುಷರ ಪೋಲ್‌ವಾಲ್ಟ್ ಫೈನಲ್ ಪದಕಗಳ ಮಟ್ಟಿಗೆ ಮುಗಿದೇ ಹೋಗಿತ್ತು. ಗ್ರೀಸಿನ ಎಮ್ಮನುಯಿಲ್ ಕರಾಲಿಸ್ 6 ಮೀಟರ್ ದಾಟಿ ಬೆಳ್ಳಿಗೆ ನಿಂತಿದ್ದರು. ಆಸ್ಟ್ರೇಲಿಯಾದ ಕರ್ಟಿಸ್ ಮಾರ್ಷಲ್‌ಗೆ 5.95 ಮೀಟರಿನಲ್ಲಿ ಕಂಚು ಸಿಕ್ಕಿತ್ತು. ಚಿನ್ನ ಸ್ವೀಡನ್ನಿನ ಆರ್ಮಂಡ್ ಡುಪ್ಲಾಂಟಿಸ್ ಅವರದು ಎಂಬುದೂ ತೀರ್ಮಾನವಾಗಿತ್ತು. ಆದರೆ ಅಡ್ಡಪಟ್ಟಿ ಇನ್ನೂ ಮೇಲೇರಿತು, 6.30 ಮೀಟರಿಗೆ. ಅಡಿ ಲೆಕ್ಕದಲ್ಲಿ ಹೇಳುವುದಾದರೆ 20 ಅಡಿ 8 ಅಂಗುಲ. ಅಷ್ಟು ಎತ್ತರವನ್ನು ಅದುವರೆಗೆ ಯಾರೂ ದಾಟಿರಲಿಲ್ಲ.

ಮೊದಲ ಯತ್ನ ವಿಫಲವಾಯಿತು, ಎರಡನೆಯದೂ ವಿಫಲವಾಯಿತು. ಮೂರನೆಯ ಹಾಗೂ ಕೊನೆಯ ಯತ್ನದಲ್ಲಿ ಡುಪ್ಲಾಂಟಿಸ್ ಪಟ್ಟಿಯ ಆಚೆಗೆ ಇಳಿದರು. ಪಟ್ಟಿ ತನ್ನ ಜಾಗದಲ್ಲೇ ಉಳಿಯಿತು. ಅದು ಅವರ 14ನೆಯ ವಿಶ್ವ ದಾಖಲೆ. ನಾಲ್ಕು ವರ್ಷಗಳ ಹಿಂದೆ, 2021ರ ಆಗಸ್ಟ್‌ನಲ್ಲಿ, ಇದೇ ಕ್ರೀಡಾಂಗಣದಲ್ಲಿ ಅವರು 6.02 ಮೀಟರ್ ಹಾರಿ ಒಲಿಂಪಿಕ್ ಚಿನ್ನ ಗೆದ್ದಿದ್ದರು. ಆಗ ಕೋವಿಡ್‌ನಿಂದಾಗಿ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಈ ಬಾರಿ ತುಂಬಿದ ಕ್ರೀಡಾಂಗಣ ಅವರ ಜಿಗಿತವನ್ನು ನೋಡಿತು.

ಇಂಥ ಜಿಗಿತವನ್ನು ಟಿವಿಯಲ್ಲಿ ನೋಡುವಾಗ ನಮ್ಮ ಕಣ್ಣು ಕೋಲಿನ ಮೇಲೆಯೇ ನೆಟ್ಟಿರುತ್ತದೆ. ಅದು ಮುರಿದೇ ಹೋಯಿತು ಅನ್ನುವಷ್ಟು ಬಾಗುತ್ತದೆ, ಮರುಕ್ಷಣ ನೆಟ್ಟಗಾಗುತ್ತದೆ, ಆಟಗಾರ ಆಕಾಶದಲ್ಲಿರುತ್ತಾನೆ. ಕೋಲೇ ಅವನನ್ನು ಮೇಲಕ್ಕೆ ಎಸೆದಂತೆ ತೋರುತ್ತದೆ. ಆದರೆ ಕೋಲಿನಲ್ಲಿ ಸ್ವಂತದ್ದೆಂಬ ಶಕ್ತಿ ಒಂದಿಷ್ಟೂ ಇಲ್ಲ. ಅದು ಕೊಡುವುದೆಲ್ಲ ಆಟಗಾರ ತನ್ನ ಓಟದಿಂದ, ತನ್ನ ತೋಳು ಮತ್ತು ಹೊಟ್ಟೆಯ ಸ್ನಾಯುಗಳಿಂದ ಅದಕ್ಕೆ ಕೊಟ್ಟಿದ್ದನ್ನೇ. ಪೋಲ್‌ವಾಲ್ಟ್ ಎಂದರೆ ಮುಂದಕ್ಕೆ ಓಡುವ ವೇಗವನ್ನು ಮೇಲಕ್ಕೆ ಏರುವ ಎತ್ತರವಾಗಿ ಬದಲಿಸುವ ವಿದ್ಯೆ. ಆ ಬದಲಾವಣೆಯಲ್ಲಿ ಎಷ್ಟು ಕಡಿಮೆ ಸೋರಿ ಹೋಗುತ್ತದೆಯೋ ಅಷ್ಟು ಎತ್ತರ ಸಿಗುತ್ತದೆ.

ಒಂದು ಸರಳ ಲೆಕ್ಕ

ಹೈಸ್ಕೂಲಿನ ಭೌತವಿಜ್ಞಾನ ಇಲ್ಲಿ ಸಾಕು. ಓಡುವ ದೇಹದಲ್ಲಿ ಚಲನಶಕ್ತಿ ಇರುತ್ತದೆ. ಅದರ ಪ್ರಮಾಣ ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದಷ್ಟು. ಎತ್ತರಕ್ಕೇರಿದ ದೇಹದಲ್ಲಿ ಪ್ರಚ್ಛನ್ನ ಶಕ್ತಿ ಇರುತ್ತದೆ. ಅದು ರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಈ ಮೂರರ ಗುಣಲಬ್ಧ. ಮೊದಲನೆಯದು ಪೂರ್ತಿಯಾಗಿ ಎರಡನೆಯದಾಗಿ ಬದಲಾಯಿತು ಎಂದುಕೊಳ್ಳಿ. ಎರಡೂ ಕಡೆ ಇರುವ ರಾಶಿ ಹೊಡೆದುಹೋಗುತ್ತದೆ. ಉಳಿಯುವ ಸೂತ್ರ ಇಷ್ಟೇ: ವೇಗದ ವರ್ಗವನ್ನು 19.62ರಿಂದ, ಅಂದರೆ ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ, ಭಾಗಿಸಿದರೆ ಸಿಗುವುದು ಎತ್ತರ.

ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿಲೊಮೀಟರ್ ವೇಗದಲ್ಲಿ ಓಡಿದರೆ 100ನ್ನು 19.62ರಿಂದ ಭಾಗಿಸಬೇಕು. ಉತ್ತರ 5.10 ಮೀಟರ್. ಇದು ದೇಹ ನೆಲದಿಂದ ಏರುವ ಎತ್ತರವಲ್ಲ, ದೇಹದ ಗುರುತ್ವಕೇಂದ್ರ ಏರುವ ಎತ್ತರ. ನೆಟ್ಟಗೆ ನಿಂತ, ತೋಳು ಮೇಲೆತ್ತಿದ ಎತ್ತರದ ಆಳಿನ ಗುರುತ್ವಕೇಂದ್ರ ಸೊಂಟದ ಮಟ್ಟದಲ್ಲಿ, ನೆಲದಿಂದ ಸುಮಾರು 1.1 ಮೀಟರ್ ಮೇಲೆ ಇರುತ್ತದೆ. ಎರಡನ್ನೂ ಕೂಡಿಸಿದರೆ 6.20 ಮೀಟರ್. ವಿಶ್ವದ ಅಗ್ರ ಜಿಗಿತಗಾರರು ಹಾರುವ ಎತ್ತರದ ಹತ್ತಿರಕ್ಕೇ ಈ ಸರಳ ಲೆಕ್ಕ ನಮ್ಮನ್ನು ತಂದು ನಿಲ್ಲಿಸುತ್ತದೆ.

ಈ ಸೂತ್ರದಲ್ಲಿ ಎರಡು ಮಾತು ಗಮನಿಸಬೇಕು. ಒಂದು, ತೂಕದ ಪ್ರಸ್ತಾಪವೇ ಇಲ್ಲ. ದಪ್ಪಗಿದ್ದರೂ ತೆಳ್ಳಗಿದ್ದರೂ ಒಂದೇ ವೇಗ ಒಂದೇ ಎತ್ತರ ಕೊಡುತ್ತದೆ. ತೂಕ ಅಡ್ಡ ಬರುವುದು ಆ ವೇಗ ಗಳಿಸುವಲ್ಲಿ ಮಾತ್ರ. ಎರಡು, ವೇಗ ಇಲ್ಲಿ ವರ್ಗವಾಗಿ ಬರುತ್ತದೆ. ಸೆಕೆಂಡಿಗೆ 10 ಮೀಟರಿನ ಬದಲು 9 ಮೀಟರ್ ಓಡಿದರೆ ಸಿಗುವುದು 4.13 ಮೀಟರ್ ಏರಿಕೆ. ವೇಗ ಶೇಕಡಾ 10ರಷ್ಟು ಇಳಿದರೆ ಏರಿಕೆ ಶೇಕಡಾ 19ರಷ್ಟು, ಸುಮಾರು 97 ಸೆಂಟಿಮೀಟರ್, ಇಳಿಯುತ್ತದೆ. ಒಲಿಂಪಿಕ್ ಫೈನಲಿಗೂ ಕಾಲೇಜು ಮಟ್ಟದ ಕ್ರೀಡಾಕೂಟಕ್ಕೂ ಇರುವ ಅಂತರದ ದೊಡ್ಡ ಪಾಲು ಈ ಒಂದು ಮೀಟರ್ ವೇಗದಲ್ಲಿದೆ.

2024ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್‌ನಲ್ಲಿ ಒಂದು ಅಪರೂಪದ ಓಟ ನಡೆಯಿತು. 400 ಮೀಟರ್ ಹರ್ಡಲ್ಸ್‌ನ ವಿಶ್ವ ದಾಖಲೆಗಾರ, ನಾರ್ವೆಯ ಕಾರ್ಸ್ಟನ್ ವಾರ್ಹೋಮ್ ಜೊತೆ ಡುಪ್ಲಾಂಟಿಸ್ 100 ಮೀಟರ್ ಓಡಿದರು. ಡುಪ್ಲಾಂಟಿಸ್ 10.37 ಸೆಕೆಂಡಿನಲ್ಲಿ ಗುರಿ ಮುಟ್ಟಿ ಗೆದ್ದರು. ಪ್ರದರ್ಶನಕ್ಕೆಂದು ಏರ್ಪಡಿಸಿದ ಓಟವಾದರೂ ಅದು ಒಂದು ಸತ್ಯವನ್ನು ಎಲ್ಲರೆದುರು ಇಟ್ಟಿತು. ಜಗತ್ತಿನ ಅತಿ ಎತ್ತರದ ಜಿಗಿತಗಾರ ಮೊದಲು ಒಬ್ಬ ಉತ್ತಮ ಓಟಗಾರ.

ಕೋಲು ಹಿಡಿದು ಓಡುವುದು

ಬರಿಗೈಯಲ್ಲಿ ಓಡುವುದಕ್ಕೂ ಐದು ಮೀಟರ್ ಉದ್ದದ ಕೋಲು ಹಿಡಿದು ಓಡುವುದಕ್ಕೂ ತುಂಬ ವ್ಯತ್ಯಾಸವಿದೆ. ಕೋಲಿನ ತೂಕ ಹೆಚ್ಚೇನಲ್ಲ. ತೊಂದರೆ ಬರುವುದು ಅದರ ಉದ್ದದಿಂದ. ಒಂದು ತುದಿಯ ಬಳಿ ಎರಡು ಕೈಯಿಂದ ಹಿಡಿದು ಅದನ್ನು ನೆಲಕ್ಕೆ ಸಮಾನಾಂತರವಾಗಿ ಚಾಚಿದರೆ ಮುಂದಿನ ತುದಿ ಕೆಳಕ್ಕೆ ಎಳೆಯುತ್ತದೆ. ಆ ಎಳೆತವನ್ನು ತಡೆಯಲು ದೇಹ ಹಿಂದಕ್ಕೆ ವಾಲಬೇಕಾಗುತ್ತದೆ, ಓಟ ಕೆಡುತ್ತದೆ.

ಅದಕ್ಕೇ ನುರಿತ ಆಟಗಾರರು ಓಟದ ಆರಂಭದಲ್ಲಿ ಕೋಲನ್ನು ಬಹುಮಟ್ಟಿಗೆ ನೆಟ್ಟಗೆ, ತುದಿ ಮೇಲಕ್ಕಿರುವಂತೆ ಹಿಡಿಯುತ್ತಾರೆ. ಆಗ ಭಾರವೆಲ್ಲ ಕೈಯ ಮೇಲೆ ನೇರವಾಗಿ ಕೂರುತ್ತದೆ, ಎಳೆತ ಕಡಿಮೆ. ಓಟದ ವೇಗ ಏರಿದಂತೆ ತುದಿಯನ್ನು ನಿಧಾನವಾಗಿ ಬೀಳಗೊಡುತ್ತಾರೆ. ಕೋಲು ಬೀಳುವ ಗತಿಯೂ ಹೆಜ್ಜೆಯ ಗತಿಯೂ ಹೊಂದಿಕೊಂಡರೆ ಕೈಗೆ ಭಾರವೇ ತಿಳಿಯುವುದಿಲ್ಲ. ತುಸು ಬೇಗ ಬಿದ್ದರೂ ಕೊನೆಯ ಹೆಜ್ಜೆಗಳಲ್ಲಿ ಅದು ಆಟಗಾರನನ್ನು ಮುಂದಕ್ಕೆ ಮುಗ್ಗರಿಸುವಂತೆ ಮಾಡುತ್ತದೆ. ಡುಪ್ಲಾಂಟಿಸ್ ಓಟ 20 ಹೆಜ್ಜೆಗಳದು. ಪ್ರತಿ ಹೆಜ್ಜೆಯ ಜಾಗ ಮೊದಲೇ ಅಳೆದಿಟ್ಟದ್ದು. ಕೊನೆಯ ಹೆಜ್ಜೆ ಒಂದು ಗೇಣು ಹಿಂದೆ ಮುಂದೆ ಬಿದ್ದರೂ ಅದುವರೆಗೆ ಕೂಡಿಟ್ಟ ವೇಗ ಪೋಲಾಗುತ್ತದೆ.

ಬಾಕ್ಸಿನ ಬಳಿ ಆಗುವುದು

ಓಟದ ಹಾದಿಯ ಕೊನೆಯಲ್ಲಿ ನೆಲದೊಳಗೆ ಹುಗಿದ ಒಂದು ಲೋಹದ ತೊಟ್ಟಿ ಇದೆ. ಆಟಗಾರರು ಅದನ್ನು ಬಾಕ್ಸ್ ಎನ್ನುತ್ತಾರೆ. ಒಂದು ಮೀಟರ್ ಉದ್ದ. ಬಾಯಿಯ ಬಳಿ 60 ಸೆಂಟಿಮೀಟರ್ ಅಗಲ, ಹಿಂಗೋಡೆಯ ಬಳಿ ಬರೀ 15 ಸೆಂಟಿಮೀಟರ್. ತಳ ಇಳಿಜಾರಾಗಿ ಹೋಗಿ ಹಿಂಗೋಡೆಯ ಹತ್ತಿರ ನೆಲಮಟ್ಟದಿಂದ 20 ಸೆಂಟಿಮೀಟರ್ ಆಳಕ್ಕೆ ಇಳಿದಿರುತ್ತದೆ. ಕೋಲಿನ ತುದಿ ಇದರೊಳಗೆ ಜಾರಿ ಹಿಂಗೋಡೆಗೆ ತಗುಲಿ ನಿಲ್ಲಬೇಕು. ಇಡೀ ಜಿಗಿತದ ಅತ್ಯಂತ ಕಠಿಣ ಕ್ಷಣ ಇದು.

ಕೊನೆಯ ಎರಡು ಮೂರು ಹೆಜ್ಜೆಗಳಲ್ಲಿ ಕೈಗಳು ಸೊಂಟದ ಬಳಿಯಿಂದ ತಲೆಯ ಮೇಲಕ್ಕೆ ಏರುತ್ತವೆ. ಬಲಗೈಯವನಾದರೆ ಬಲಗೈ ಮೇಲೆ, ಎಡಗೈ ಕೆಳಗೆ. ಎಡಗಾಲು ನೆಲವನ್ನು ಒದೆಯುತ್ತದೆ. ಒದೆಯುವ ಆ ಪಾದ ಮೇಲಿನ ಕೈಗೆ ಸರಿಯಾಗಿ ನೇರ ಕೆಳಗಿರಬೇಕು. ಪಾದ ಮುಂದೆ ಹೋದರೆ, ಕೋಲು ಆಟಗಾರನನ್ನು ಹಿಂದಕ್ಕೆ ಜಗ್ಗುತ್ತದೆ. ತೀರಾ ಹಿಂದುಳಿದರೆ ಮೇಲಕ್ಕೇರುವ ಒದೆತವೇ ದಕ್ಕುವುದಿಲ್ಲ.

ಸೋವಿಯತ್ ಉಕ್ರೇನಿನ ತರಬೇತುದಾರ ವಿಟಾಲಿ ಪೆಟ್ರೊವ್ ಈ ಕ್ಷಣದ ಬಗ್ಗೆ ಬಹಳ ಚಿಂತಿಸಿದವರು. ಅವರ ಶಿಷ್ಯ ಸೆರ್ಗೆಯ್ ಬುಬ್ಕಾ. ಕೋಲಿನ ತುದಿ ಹಿಂಗೋಡೆಗೆ ತಗುಲಿ ಕೋಲು ಬಾಗತೊಡಗುವ ಮೊದಲೇ ಆಟಗಾರನ ಪಾದ ನೆಲ ಬಿಟ್ಟಿರಬೇಕು ಎಂಬುದು ಪೆಟ್ರೊವ್ ಕಲಿಸಿದ ಪಾಠ. ಕಾಲು ನೆಲದಲ್ಲಿರುವಾಗಲೇ ಕೋಲು ಬಾಗತೊಡಗಿದರೆ, ಬಾಕ್ಸಿನಿಂದ ಬರುವ ಪ್ರತಿಘಾತ ದೇಹದ ಮೂಲಕ ಹಾದು ಪಾದದಿಂದ ನೆಲಕ್ಕೆ ಇಳಿದು ವ್ಯರ್ಥವಾಗುತ್ತದೆ. ಮೊದಲು ಜಿಗಿದು, ಆಮೇಲೆ ಕೋಲು ಬಾಗಿದರೆ, ಓಟದ ವೇಗಕ್ಕೆ ಜಿಗಿತದ ಬಲವೂ ಕೂಡಿಕೊಂಡು ಕೋಲಿನೊಳಕ್ಕೆ ಹೋಗುತ್ತದೆ. ಬುಬ್ಕಾ 1983ರಿಂದ 1997ರವರೆಗೆ ಸತತ ಆರು ವಿಶ್ವ ಚಾಂಪಿಯನ್‌ಷಿಪ್ ಗೆದ್ದರು. 1985ರ ಜುಲೈ 13ರಂದು ಪ್ಯಾರಿಸ್ಸಿನಲ್ಲಿ 6 ಮೀಟರ್ ದಾಟಿದ ಮೊದಲ ಮನುಷ್ಯನಾದರು.

ಬಿದಿರಿನಿಂದ ಗಾಜಿನ ಎಳೆಗೆ

ಕೋಲು ಊರಿ ಹಾರುವುದು ಮನುಷ್ಯನಿಗೆ ಹಳೆಯ ಅಭ್ಯಾಸ. ಕಾಲುವೆ, ಕಂದಕ, ಕೆಸರುಗದ್ದೆ ದಾಟಲು ಕೋಲು ನೆರವಾಗುತ್ತಿತ್ತು. ನೆದರ್ಲೆಂಡ್ಸಿನ ಫ್ರೀಸ್‌ಲ್ಯಾಂಡಿನಲ್ಲಿ ಕೋಲಿನ ಮೇಲೆ ಕಾಲುವೆ ದಾಟುವ ಪಂದ್ಯ ಇಂದಿಗೂ ನಡೆಯುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ದೂರ. ಎತ್ತರಕ್ಕೆ ಹಾರುವ ಪಂದ್ಯ ಬೆಳೆದದ್ದು 19ನೆಯ ಶತಮಾನದಲ್ಲಿ. ಆಗ ಇಂಗ್ಲೆಂಡಿನ ಉಲ್ವರ್‌ಸ್ಟನ್ ಕಡೆಯ ಜಿಗಿತಗಾರರು ಕೋಲು ನೆಟ್ಟಗೆ ನಿಂತ ಗಳಿಗೆಯಲ್ಲಿ ಕೈಮೇಲೆ ಕೈಯಿಟ್ಟು ಅದನ್ನೇ ಹತ್ತುತ್ತಿದ್ದರು. ನೆಲ ಬಿಟ್ಟ ಮೇಲೆ ಕೆಳಗಿನ ಕೈಯನ್ನು ಮೇಲಿನ ಕೈಗಿಂತ ಮೇಲೆ ಒಯ್ಯಬಾರದು ಎಂಬ ಇಂದಿನ ನಿಯಮ ಆ ಹತ್ತುವಿಕೆಗೆ ತಡೆ ಹಾಕಿತು.

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ವಿಲಿಯಂ ಹೋಯ್ಟ್ 3.30 ಮೀಟರ್ ಹಾರಿ ಗೆದ್ದರು. ಗಟ್ಟಿ ಮರದ ಭಾರದ ಕೋಲುಗಳ ಜಾಗಕ್ಕೆ 20ನೆಯ ಶತಮಾನದ ಆರಂಭದಲ್ಲಿ ಬಿದಿರು ಬಂತು. ಒಳಗೆ ಟೊಳ್ಳು, ಹಗುರ, ತುಸು ಬಾಗುವ ಗುಣ. ಓಟ ಸಲೀಸಾಯಿತು, ಎತ್ತರ ಏರಿತು. 1912ರಲ್ಲಿ ಅಧಿಕೃತವಾಗಿ ದಾಖಲಾದ ಮೊದಲ ವಿಶ್ವ ದಾಖಲೆ ಮಾರ್ಕ್ ರೈಟ್ ಅವರ 4.02 ಮೀಟರ್. ಬಿದಿರಿನ ಕಾಲದ ದೊಡ್ಡ ಹೆಸರು ಅಮೆರಿಕದ ಕಾರ್ನೇಲಿಯಸ್ ವಾರ್ಮರ್‌ಡ್ಯಾಮ್. 1940ರಲ್ಲಿ 15 ಅಡಿ ದಾಟಿದ ಮೊದಲಿಗರಾದ ಅವರು 1942ರಲ್ಲಿ 4.77 ಮೀಟರ್ ಹಾರಿದರು.

ಆ ದಾಖಲೆ 15 ವರ್ಷ ಅಲುಗಲಿಲ್ಲ. ಲೋಹದ ಕೋಲುಗಳು ಬಂದ ಮೇಲೂ 1957ರಲ್ಲಿ ಬಾಬ್ ಗುಟೋವ್‌ಸ್ಕಿ 4.78, 1960ರಲ್ಲಿ ಡಾನ್ ಬ್ರ್ಯಾಗ್ 4.80 ಮೀಟರ್ ಹಾರಿದ್ದಷ್ಟೇ ಪ್ರಗತಿ. 18 ವರ್ಷಕ್ಕೆ ಮೂರು ಸೆಂಟಿಮೀಟರ್. ಆಮೇಲೆ ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ ಸುತ್ತಿ ಮಾಡಿದ ಫೈಬರ್‌ಗ್ಲಾಸ್ ಕೋಲು ಬಂತು. 1961ರಲ್ಲಿ ಜಾರ್ಜ್ ಡೇವಿಸ್ ಅದನ್ನು ಹಿಡಿದು 4.83 ಮೀಟರಿನ ದಾಖಲೆ ಬರೆದರು. 1963ರ ಏಪ್ರಿಲ್‌ನಲ್ಲಿ ಬ್ರಯಾನ್ ಸ್ಟರ್ನ್‌ಬರ್ಗ್ 5 ಮೀಟರ್ ಮುಟ್ಟಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಜಾನ್ ಪೆನೆಲ್ 5.20 ಮೀಟರ್ ಹಾರಿದರು. ಬ್ರ್ಯಾಗ್ ದಾಖಲೆಯಿಂದ ಲೆಕ್ಕ ಹಾಕಿದರೆ ಮೂರೇ ವರ್ಷದಲ್ಲಿ 40 ಸೆಂಟಿಮೀಟರ್ ಏರಿಕೆ.

ಮನುಷ್ಯರ ಕಾಲುಗಳು ಮೂರು ವರ್ಷದಲ್ಲಿ ಅಷ್ಟು ಬಲಿಷ್ಠವಾಗಲು ಸಾಧ್ಯವಿಲ್ಲ. ಹಾಗಾದರೆ ಹೊಸ ಕೋಲು ಮಾಡಿದ್ದೇನು? ಮೂರು ಕೆಲಸ.

ಮೊದಲನೆಯದು, ಆಘಾತ ತಗ್ಗಿಸಿತು. ಬಾಗದ ಕೋಲು ಬಾಕ್ಸಿಗೆ ಬಡಿದಾಗ ತೋಳು, ಭುಜ, ಬೆನ್ನು ಒಮ್ಮೆಲೇ ಜಗ್ಗಿ ಶಕ್ತಿ ಶಾಖವಾಗಿ ಕಳೆದುಹೋಗುತ್ತದೆ. ಬಾಗುವ ಕೋಲಿನಲ್ಲಿ ಆ ತಡೆ ಹಂತಹಂತವಾಗಿ ಬರುತ್ತದೆ. ಎರಡನೆಯದು, ಆ ಶಕ್ತಿಯನ್ನು ತನ್ನಲ್ಲಿ ಸ್ಥಿತಿಸ್ಥಾಪಕ ಶಕ್ತಿಯಾಗಿ ಇಟ್ಟುಕೊಂಡು, ನೆಟ್ಟಗಾಗುವಾಗ ಬಹುಪಾಲು ಮರಳಿಸಿತು. ಮೂರನೆಯದು ಕಣ್ಣಿಗೆ ಕಾಣದ, ಆದರೆ ತುಂಬ ಮುಖ್ಯವಾದ ಕೆಲಸ. ಬಾಗಿದಾಗ ಕೋಲಿನ ಎರಡು ತುದಿಗಳ ನಡುವಿನ ನೇರ ಅಂತರ ಶೇಕಡಾ 30ರ ಆಸುಪಾಸು ಕುಗ್ಗುತ್ತದೆ. ಆಟಗಾರ ಬಾಕ್ಸಿಗೆ ಹತ್ತಿರವಾಗುತ್ತಾನೆ. ತಿರುಗುವ ಕೇಂದ್ರಕ್ಕೆ ಭಾರ ಹತ್ತಿರ ಬಂದಷ್ಟೂ ತಿರುಗಿಸುವುದು ಸುಲಭ. ಹೀಗಾಗಿ ಅದೇ ವೇಗದಲ್ಲಿ ಓಡಿ ಬಂದವನು ಹೆಚ್ಚು ಉದ್ದದ ಕೋಲನ್ನು, ಹೆಚ್ಚು ಮೇಲೆ ಹಿಡಿದು, ನೆಟ್ಟಗೆ ನಿಲ್ಲಿಸಬಲ್ಲವನಾದ. ಬಿದಿರಿನ ಕೋಲನ್ನು ಅಷ್ಟು ಮೇಲೆ ಹಿಡಿದಿದ್ದರೆ ಅದು ನೆಟ್ಟಗಾಗುವ ಮೊದಲೇ ನಿಂತು ಹಿಂದಕ್ಕೆ ವಾಲುತ್ತಿತ್ತು.

ಕೋಲಿನ ಉದ್ದಕ್ಕಾಗಲಿ, ಅದನ್ನು ಮಾಡುವ ವಸ್ತುವಿಗಾಗಲಿ ನಿಯಮದಲ್ಲಿ ಮಿತಿ ಇಲ್ಲ. ಆದರೂ ಯಾರೂ ಎಂಟು ಮೀಟರಿನ ಕೋಲು ತರುವುದಿಲ್ಲ. ಅದನ್ನು ನೆಟ್ಟಗೆ ನಿಲ್ಲಿಸುವಷ್ಟು ವೇಗ ಯಾವ ಮನುಷ್ಯನ ಕಾಲಿನಲ್ಲೂ ಇಲ್ಲ. ಡುಪ್ಲಾಂಟಿಸ್ ಬಳಸುವ ಕೋಲು ಸುಮಾರು 5.20 ಮೀಟರ್. ಇಲ್ಲಿ ಮಿತಿ ಹಾಕುವುದು ಓಟವೇ.

ಕೋಲಿನ ಗಡಸುತನವನ್ನು ಅಳೆಯುವ ಕ್ರಮ ಸರಳವಾಗಿದೆ. ಎರಡು ತುದಿಗೆ ಆಧಾರ ಕೊಟ್ಟು, ನಡುವೆ 50 ಪೌಂಡ್, ಅಂದರೆ ಸುಮಾರು 22.7 ಕಿಲೊ ತೂಕ ತೂಗಿಬಿಡುತ್ತಾರೆ. ಎಷ್ಟು ಸೆಂಟಿಮೀಟರ್ ಬಾಗಿತೋ ಅದೇ ಅದರ ಅಂಕೆ. ಅಂಕೆ ದೊಡ್ಡದಾದಷ್ಟೂ ಕೋಲು ಮೆದು. ಆಟಗಾರರು ಪಂದ್ಯಕ್ಕೆ ಬೇರೆ ಬೇರೆ ಗಡಸುತನದ ಹಲವು ಕೋಲು ತರುತ್ತಾರೆ. ಪಟ್ಟಿ ಏರಿದಂತೆ ಗಡಸು ಕೋಲಿಗೆ ಹೋಗುತ್ತಾರೆ. ಗಡಸು ಕೋಲು ಬಲವಾಗಿ ಮರಳುತ್ತದೆ, ಆದರೆ ಬಾಗಿಸಲು ಹೆಚ್ಚು ವೇಗ ಕೇಳುತ್ತದೆ. ದಣಿದ ಕಾಲಿನಲ್ಲಿ ಗಡಸು ಕೋಲು ಹಿಡಿದರೆ ಅದು ನೆಟ್ಟಗಾಗದೆ ಆಟಗಾರನನ್ನು ಓಟದ ಹಾದಿಗೇ ಮರಳಿ ತಳ್ಳಬಹುದು. ಅಲ್ಲಿ ಮೆತ್ತನೆಯ ಹಾಸು ಇರುವುದಿಲ್ಲ.

ತಲೆಕೆಳಗಾದ ದೇಹ

ಓಟದಿಂದ ಬಂದ ಶಕ್ತಿಯಷ್ಟೇ ಸಾಕಾಗುವುದಿಲ್ಲ. ನೆಲ ಬಿಡುವ ಗಳಿಗೆಯಲ್ಲಿ ಒಂದಷ್ಟು ಸೋರಿಹೋಗುತ್ತದೆ. ಪಟ್ಟಿಯ ಆಚೆ ಬೀಳಲು ಕೊನೆಯಲ್ಲೂ ತುಸು ಮುಂದಿನ ವೇಗ ಉಳಿಸಿಕೊಳ್ಳಬೇಕು. ಈ ನಷ್ಟವನ್ನು ತುಂಬಿಕೊಡುವುದು ಗಾಳಿಯಲ್ಲಿರುವ ಒಂದೂವರೆ ಸೆಕೆಂಡಿನಲ್ಲಿ ಸ್ನಾಯುಗಳು ಮಾಡುವ ಕೆಲಸ.

ಪೋಲ್‌ವಾಲ್ಟ್‌ನಲ್ಲಿ ಎರಡು ಲೋಲಕಗಳಿವೆ. ಕೋಲು ಬಾಕ್ಸನ್ನು ಕೇಂದ್ರವಾಗಿಸಿ ಮೇಲಕ್ಕೆ ತಿರುಗುತ್ತದೆ. ಆಟಗಾರ ತನ್ನ ಮೇಲಿನ ಕೈಯನ್ನು ಕೇಂದ್ರವಾಗಿಸಿ ತೂಗುತ್ತಾನೆ. ನೆಲ ಬಿಟ್ಟ ಕೂಡಲೇ ಒದೆದ ಕಾಲನ್ನು ಹಿಂದೆ ಉದ್ದಕ್ಕೆ ಚಾಚಿ, ಆಮೇಲೆ ಅದನ್ನು ಚಾಟಿ ಬೀಸಿದ ವೇಗದಲ್ಲಿ ಮುಂದಕ್ಕೂ ಮೇಲಕ್ಕೂ ತರುತ್ತಾನೆ. ಉಯ್ಯಾಲೆಯಲ್ಲಿ ನಿಂತು ಜೀಕುವ ಹುಡುಗಿ ಹಿಂದಿನಿಂದ ಯಾರೂ ತಳ್ಳದೆಯೇ ಮೇಲೆ ಮೇಲೆ ಹೋಗುವುದೂ ಇದೇ ಬಗೆಯಲ್ಲಿ. ಸರಿಯಾದ ಗಳಿಗೆಯಲ್ಲಿ ಮೈ ಬಗ್ಗಿಸಿ, ಸರಿಯಾದ ಗಳಿಗೆಯಲ್ಲಿ ಮೈ ಸೆಟೆಸಿ ಅವಳು ತನ್ನ ಸ್ನಾಯುವಿನ ಕೆಲಸವನ್ನು ತೂಗಾಟದೊಳಕ್ಕೆ ಸೇರಿಸುತ್ತಾಳೆ. ಗಳಿಗೆ ತಪ್ಪಿದರೆ ಜೀಕಿದ್ದೆಲ್ಲ ವ್ಯರ್ಥ.

ಕೋಲು ಅತಿ ಹೆಚ್ಚು ಬಾಗಿದಾಗ ಆಟಗಾರ ಮೊಣಕಾಲು ಎದೆಗೆಳೆದು ತಲೆಕೆಳಗಾಗುತ್ತಿರುತ್ತಾನೆ. ಕೋಲು ನೆಟ್ಟಗಾಗುವಾಗ ಅವನ ದೇಹ ಕೋಲಿಗೆ ಒತ್ತಿಕೊಂಡು, ಪಾದ ಮೇಲೆ ತಲೆ ಕೆಳಗೆ, ಒಂದೇ ಗೆರೆಯಲ್ಲಿರಬೇಕು. ಆಗ ಕೋಲಿನ ಒತ್ತಡವೆಲ್ಲ ಅವನನ್ನು ನೇರ ಮೇಲಕ್ಕೆ ಎತ್ತುತ್ತದೆ. ತಡವಾಗಿ ತಿರುಗಿದರೆ ಅದೇ ಒತ್ತಡ ಅವನನ್ನು ಮುಂದಕ್ಕೆ ದಬ್ಬಿ ಪಟ್ಟಿಗೆ ಬಡಿಸುತ್ತದೆ. ಆಮೇಲೆ ತೋಳಿನಿಂದ ಮೈ ಎಳೆದುಕೊಂಡು, ಹೊಟ್ಟೆ ಪಟ್ಟಿಯ ಕಡೆಗಿರುವಂತೆ ತಿರುಗಿ, ಮೇಲಿನ ಕೈಯಿಂದ ಕೋಲನ್ನು ಒತ್ತಿ ಬಿಡುತ್ತಾನೆ. ಕೋಲನ್ನು 5.10 ಮೀಟರಿನಲ್ಲಿ ಹಿಡಿದಿದ್ದರೆ, ಬಾಕ್ಸಿನ 20 ಸೆಂಟಿಮೀಟರ್ ಆಳ ಕಳೆದು, ಕೈ ಇರುವುದು ನೆಲದಿಂದ 4.90 ಮೀಟರ್ ಮೇಲೆ. ಪಟ್ಟಿ 6.30ರಲ್ಲಿದೆ. ಕೈ ಮುಟ್ಟಿದ ಜಾಗಕ್ಕಿಂತ 1.40 ಮೀಟರ್ ಮೇಲಕ್ಕೆ ದೇಹ ಹೋಗಬೇಕು. ಈ ಅಂತರವೇ ಒಳ್ಳೆಯ ಜಿಗಿತಗಾರನನ್ನು ಮಹಾನ್ ಜಿಗಿತಗಾರನಿಂದ ಬೇರೆ ಮಾಡುತ್ತದೆ.

ಪಟ್ಟಿಯ ಮೇಲೆ, ಪಟ್ಟಿಯ ಆಚೆ

ಅಡ್ಡಪಟ್ಟಿ ನಾಲ್ಕೂವರೆ ಮೀಟರ್ ಉದ್ದ, ತೂಕ ಹೆಚ್ಚೆಂದರೆ 2.25 ಕಿಲೊ. ಎರಡು ಸಣ್ಣ ಗೂಟಗಳ ಮೇಲೆ ಅದು ಸುಮ್ಮನೆ ಕೂತಿರುತ್ತದೆ. ದೇಹ ತಗುಲಿದರೆ ತಪ್ಪಿಲ್ಲ, ಬೀಳಬಾರದು ಅಷ್ಟೇ. ಕಂಬಗಳನ್ನು ಆಟಗಾರ ಕೇಳಿದಂತೆ ಬಾಕ್ಸಿನ ಹಿಂಗೋಡೆಯಿಂದ 80 ಸೆಂಟಿಮೀಟರ್‌ವರೆಗೆ ಹಿಂದಕ್ಕೆ ಸರಿಸಬಹುದು. ತನ್ನ ಹಾರಾಟದ ಅತಿ ಎತ್ತರದ ಬಿಂದು ಎಲ್ಲಿ ಬರುತ್ತದೆಂದು ಆಟಗಾರನಿಗೆ ಗೊತ್ತಿರಬೇಕು. ಆ ಬಿಂದುವಿನ ಕೆಳಗೇ ಪಟ್ಟಿ ಇರಬೇಕು.

ದಾಟುವಾಗ ಆಟಗಾರ ಸೊಂಟದಲ್ಲಿ ಮಡಿದು ಪಟ್ಟಿಯ ಮೇಲೆ ಕಮಾನಾಗುತ್ತಾನೆ. ಕಾಲುಗಳು ಆಚೆ ಇಳಿಯುತ್ತಿರುವಾಗ ಎದೆ, ತೋಳು ಇನ್ನೂ ಈಚೆ ಕಡೆ ಇರುತ್ತವೆ. ಮಡಿದ ದೇಹದ ಗುರುತ್ವಕೇಂದ್ರ ದೇಹದ ಹೊರಗೆ, ಹೊಟ್ಟೆಯ ಕೆಳಗೆ ಬೀಳುತ್ತದೆ. ಹೀಗಾಗಿ ದೇಹದ ಒಂದೊಂದೇ ಭಾಗ ಸರದಿಯಂತೆ ಪಟ್ಟಿಯ ಮೇಲೆ ಹಾಯುವಾಗ ಗುರುತ್ವಕೇಂದ್ರ ಪಟ್ಟಿಯ ಮಟ್ಟದಲ್ಲೇ ಸಾಗಿದರೂ ಸಾಕಾಗುತ್ತದೆ. ಈ ಕೌಶಲದಿಂದ ಕೆಲವು ಅಮೂಲ್ಯ ಸೆಂಟಿಮೀಟರ್ ಉಳಿಯುತ್ತದೆ.

ಇಳಿಯುವುದೂ ಭೌತವಿಜ್ಞಾನದ ಪಾಠವೇ. ಪಟ್ಟಿಯಿಂದ 80 ಸೆಂಟಿಮೀಟರ್ ದಪ್ಪದ ಹಾಸಿನ ಮೇಲ್ಮೈಗೆ ಸುಮಾರು ಐದೂವರೆ ಮೀಟರ್ ಬೀಳುವಾಗ ದೇಹ ಸೆಕೆಂಡಿಗೆ 10 ಮೀಟರಿಗೂ ತುಸು ಮಿಗಿಲಾದ ವೇಗ ಗಳಿಸುತ್ತದೆ. ಓಡಿ ಬಂದ ವೇಗ ಎಷ್ಟೋ ಬೀಳುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಕೊಟ್ಟ ಶಕ್ತಿಯೇ ಮರಳಿ ಬಂದಿದೆ. ಹಿಂದೆ ಮರಳಿನ, ಮರದ ಹೊಟ್ಟಿನ ಗುಂಡಿಗೆ ಬೀಳುತ್ತಿದ್ದರು. ಆ ಕಾಲದವರು ಕಾಲ ಮೇಲೆ ಇಳಿಯಲೇಬೇಕಿತ್ತು. ಬೆನ್ನ ಮೇಲೆ ನಿಶ್ಚಿಂತೆಯಿಂದ ಬೀಳಲು ಬಿಡುವ ಫೋಮ್ ಹಾಸು ಬರದೇ ಇದ್ದಿದ್ದರೆ ಫೈಬರ್‌ಗ್ಲಾಸ್ ಕೋಲಿನ ಎತ್ತರಗಳು ಪ್ರಾಣಕ್ಕೇ ಸಂಚಕಾರವಾಗುತ್ತಿದ್ದವು.

ಮೂರು ಯತ್ನಗಳ ಲೆಕ್ಕಾಚಾರ

ಇಷ್ಟೆಲ್ಲ ಕರಗತವಾದ ಹತ್ತು ಹನ್ನೆರಡು ಮಂದಿ ಒಂದೇ ಸಂಜೆ ಎದುರಾದಾಗ ಭೌತವಿಜ್ಞಾನದ ಜೊತೆ ಇನ್ನೊಂದು ಲೆಕ್ಕ ಸೇರುತ್ತದೆ. ಸತತ ಮೂರು ಸಲ ವಿಫಲನಾದವನು ಹೊರಕ್ಕೆ. ಯಾವ ಎತ್ತರದಿಂದ ಆರಂಭಿಸಬೇಕು, ಯಾವುದನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕು ಎಂಬುದು ಆಟಗಾರನ ಇಷ್ಟ. ಪ್ರತಿ ಜಿಗಿತವೂ ಕಾಲಿನ ಶಕ್ತಿಯನ್ನು ಕರಗಿಸುವುದರಿಂದ ಕೆಳಗಿನ ಎತ್ತರಗಳನ್ನು ಬಿಡುವುದು ಲಾಭ. ಆದರೆ ಎತ್ತರದಿಂದ ಆರಂಭಿಸಿ ಮೂರೂ ತಪ್ಪಿದರೆ ಹೆಸರಿನ ಮುಂದೆ ಏನೂ ಉಳಿಯುವುದಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ವತಃ ಬುಬ್ಕಾ ಒಂದೂ ಎತ್ತರ ದಾಟದೆ ಹೊರಬಿದ್ದರು.

ಈ ಲೆಕ್ಕಾಚಾರದ ಅತ್ಯುತ್ತಮ ಉದಾಹರಣೆ 2016ರ ರಿಯೊ ಒಲಿಂಪಿಕ್ಸ್. ಕೊನೆಗೆ ಉಳಿದವರು ಇಬ್ಬರು. ವಿಶ್ವ ದಾಖಲೆಗಾರ ಫ್ರಾನ್ಸಿನ ರೆನೋ ಲಾವಿಲೆನಿ, ಮತ್ತು ಅದುವರೆಗೆ ಆರು ಮೀಟರ್ ದಾಟಿಯೇ ಇರದ ಬ್ರೆಜಿಲ್‌ನ 22 ವರ್ಷದ ಥಿಯಾಗೊ ಬ್ರಾಜ್. ಲಾವಿಲೆನಿ 5.98 ಮೀಟರನ್ನು ಮೊದಲ ಯತ್ನದಲ್ಲೇ ದಾಟಿದರು. ಅದೇ ಎತ್ತರವನ್ನು ಬ್ರಾಜ್ ದಾಟಿದರೂ ಹಿಂದಿನ ವೈಫಲ್ಯಗಳ ಎಣಿಕೆಯಲ್ಲಿ ಬೆಳ್ಳಿಯೇ ಗತಿ. ಅವರು 5.98ನ್ನು ಬಿಟ್ಟು ಪಟ್ಟಿಯನ್ನು 6.03ಕ್ಕೆ ಏರಿಸಲು ಹೇಳಿದರು. ಎರಡನೆಯ ಯತ್ನದಲ್ಲಿ ದಾಟಿದರು. ಲಾವಿಲೆನಿ 6.03ರಲ್ಲಿ ಎರಡು ಸಲ ತಪ್ಪಿ, ಉಳಿದ ಒಂದೇ ಯತ್ನವನ್ನು 6.08ಕ್ಕೆ ಒಯ್ದರು. ಅದೂ ಕೈಗೂಡಲಿಲ್ಲ. ಬ್ರಾಜ್ ಅವರ ಹಿಂದಿದ್ದ ತರಬೇತುದಾರ ಅದೇ ವಿಟಾಲಿ ಪೆಟ್ರೊವ್.

ಒಂದೊಂದೇ ಸೆಂಟಿಮೀಟರ್

ಬುಬ್ಕಾ ಒಟ್ಟು 35 ವಿಶ್ವ ದಾಖಲೆ ಬರೆದರು. 1993ರಲ್ಲಿ ಒಳಾಂಗಣದಲ್ಲಿ ಹಾರಿದ 6.15 ಮೀಟರ್ ಅವರ ಅತ್ಯುನ್ನತ ಸಾಧನೆ. ಅದನ್ನು ಮೀರುವ ಜಿಗಿತಕ್ಕೆ 21 ವರ್ಷ ಕಾಯಬೇಕಾಯಿತು. ಬುಬ್ಕಾ ಅವರ ಊರಾದ ಡೊನೆಟ್ಸ್ಕ್‌ನಲ್ಲೇ, 2014ರ ಫೆಬ್ರುವರಿಯಲ್ಲಿ, ಲಾವಿಲೆನಿ 6.16 ಮೀಟರ್ ದಾಟಿದರು. 2020ರ ಫೆಬ್ರುವರಿಯಲ್ಲಿ ಪೋಲೆಂಡಿನ ತೊರೂನ್‌ನಲ್ಲಿ ಡುಪ್ಲಾಂಟಿಸ್ 6.17 ಹಾರಿದರು. ಅಲ್ಲಿಂದ ಟೋಕಿಯೊದ 6.30ರವರೆಗೆ ಪ್ರತಿ ಸಲವೂ ಒಂದೇ ಸೆಂಟಿಮೀಟರ್ ಏರಿಕೆ.

ಪ್ರತಿ ದಾಖಲೆಗೂ ಬಹುಮಾನವಿರುವುದು ಇದಕ್ಕೊಂದು ಕಾರಣ. ಆದರೆ ಒಂದು ಸೆಂಟಿಮೀಟರ್ ಎಂದರೇನೆಂದು ಲೆಕ್ಕ ಹಾಕಿ ನೋಡಿ. 80 ಕಿಲೊ ತೂಕದ ಓಟಗಾರ ಸೆಕೆಂಡಿಗೆ 10 ಮೀಟರ್ ವೇಗದಲ್ಲಿದ್ದಾಗ ಅವನ ಚಲನಶಕ್ತಿ 4,000 ಜೂಲ್. ಅವನನ್ನು ಒಂದು ಸೆಂಟಿಮೀಟರ್ ಹೆಚ್ಚು ಎತ್ತಲು ಬೇಕಾದದ್ದು ಸುಮಾರು 8 ಜೂಲ್. ಇದನ್ನು ಓಟದಿಂದಲೇ ಪಡೆಯುವುದಾದರೆ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟು ಹೆಚ್ಚಾದರೆ ಸಾಕು. ಕೊನೆಯ ಹೆಜ್ಜೆ ತುಸು ಉದ್ದವಾದರೆ, ಕೈ ಏರಿಸುವುದು ಚೂರು ತಡವಾದರೆ ಅಷ್ಟು ವೇಗ ಕಳೆದೇಹೋಗುತ್ತದೆ. ಅಮೆರಿಕದ ಲೂಸಿಯಾನದ ಲಫಾಯೆಟ್‌ನಲ್ಲಿ, ಸ್ವತಃ ಪೋಲ್‌ವಾಲ್ಟ್ ಆಟಗಾರನಾಗಿದ್ದ ತಂದೆ ಗ್ರೆಗ್ ಮನೆಯ ಹಿತ್ತಲಲ್ಲೇ ಮಾಡಿಕೊಟ್ಟ ಅಂಕಣದಲ್ಲಿ ಡುಪ್ಲಾಂಟಿಸ್ ಎಳವೆಯಿಂದಲೇ ಕೋಲು ಹಿಡಿದು ಓಡಿದವರು. ಅಷ್ಟು ಸಣ್ಣ ಸೋರಿಕೆಯನ್ನು ತಡೆಯುವ ಪಳಗಿದ ಮೈ ಅಂಥ ದೀರ್ಘ ಅಭ್ಯಾಸದಿಂದ ಮಾತ್ರ ಬರುತ್ತದೆ.

ನಮ್ಮ 5.40

2025ರ ಜುಲೈನಲ್ಲಿ ಜರ್ಮನಿಯ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಮಧ್ಯಪ್ರದೇಶದ ದೇವ್ ಮೀನಾ 5.40 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದರು. 2022ರಲ್ಲಿ ತಮಿಳುನಾಡಿನ ಶಿವ ಸುಬ್ರಮಣ್ಯಂ 5.31 ಮೀಟರ್ ಹಾರಿದ್ದರು. ನಮ್ಮವರು ಮೇಲೇರುತ್ತಿದ್ದಾರೆ. ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ಗೆ ನೇರ ಪ್ರವೇಶಕ್ಕಿದ್ದ ಅರ್ಹತಾ ಮಟ್ಟ 5.82 ಮೀಟರ್. ಅಂತರ 42 ಸೆಂಟಿಮೀಟರ್. ಉಳಿದೆಲ್ಲ ಹಾಗೇ ಇದ್ದರೆ, ನಮ್ಮ ಸೂತ್ರದ ಪ್ರಕಾರ ಇದಕ್ಕೆ ಬೇಕಾದದ್ದು ಸೆಕೆಂಡಿಗೆ ಅರ್ಧ ಮೀಟರಿಗೂ ಕಡಿಮೆ ಹೆಚ್ಚುವರಿ ವೇಗ. ಇದು ದಾಟಲಾಗದ ಕಂದಕವೇನಲ್ಲ.

ಆದರೆ ಆ ವೇಗವನ್ನು ಎತ್ತರವಾಗಿಸಲು ಸರಿಯಾದ ಕೋಲುಗಳು ಬೇಕು, ಹಾಸು ಬೇಕು, ಕೋಲುಗಳನ್ನು ಊರಿಂದೂರಿಗೆ ಒಯ್ಯುವ ದಾರಿಯೂ ಬೇಕು. 2026ರ ಜನವರಿಯಲ್ಲಿ ದಕ್ಷಿಣ ಕನ್ನಡದಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ಮುಗಿಸಿ ರೈಲಿನಲ್ಲಿ ಮರಳುತ್ತಿದ್ದ ದೇವ್ ಮೀನಾ ಮತ್ತು ಅವರ ಸಹ ಆಟಗಾರನನ್ನು, ಉದ್ದನೆಯ ಕೋಲುಗಳ ಕಾರಣಕ್ಕೇ ಪನ್ವೇಲ್ ನಿಲ್ದಾಣದಲ್ಲಿ ಇಳಿಸಲಾಯಿತು. ಪೋಲ್‌ವಾಲ್ಟ್ ಕೋಲನ್ನು ಮಡಚಲು ಬರುವುದಿಲ್ಲ, ಕತ್ತರಿಸಿ ಜೋಡಿಸಲೂ ಬರುವುದಿಲ್ಲ. ಗಾಜಿನ ಎಳೆಯ ಮೇಲೊಂದು ಆಳವಾದ ಗೀರು ಬಿದ್ದರೆ ಮುಂದಿನ ಜಿಗಿತದಲ್ಲಿ ಅದು ಮುರಿಯಬಹುದು. ರೈಲು, ವಿಮಾನಗಳಲ್ಲಿ ಇದನ್ನು ಕ್ರೀಡಾ ಸಾಮಗ್ರಿ ಎಂದು ಗುರುತಿಸಿ ಜಾಗ ಕೊಡುವ ಸ್ಪಷ್ಟ ವ್ಯವಸ್ಥೆ ಆಗಬೇಕು. ಜಿಲ್ಲಾ ಕ್ರೀಡಾಂಗಣಗಳಲ್ಲಿ ಒಂದು ಒಳ್ಳೆಯ ಹಾಸು, ಮಕ್ಕಳ ತೂಕಕ್ಕೆ ಹೊಂದುವ ಕೆಲವು ಕೋಲು ಇರಬೇಕು. ವೇಗವಾಗಿ ಓಡುವ ಮಕ್ಕಳು ನಮ್ಮ ಶಾಲೆಗಳಲ್ಲಿ ಬೇಕಾದಷ್ಟಿದ್ದಾರೆ.

ಮುಂದಿನ ಸಲ ಪೋಲ್‌ವಾಲ್ಟ್ ನೋಡುವಾಗ ಪಟ್ಟಿಯಿಂದ ಕಣ್ಣು ತೆಗೆದು ಓಟದ ಹಾದಿಯ ಕೊನೆಯ ಐದಾರು ಹೆಜ್ಜೆಗಳನ್ನು ನೋಡಿ. ಜಿಗಿತ ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದರ ಬಹುಪಾಲು ಅಲ್ಲೇ ನಿರ್ಧಾರವಾಗಿರುತ್ತದೆ.